ನನ್ನ ನಿಶ್ಶಬ್ದದಲ್ಲಿ ಅವರ ಕೂಗು

ಆ ಹಾಡಿನ ನಡುವೆ ಒಂದು ಕಡೆ ಎಲ್ಲ ವಾದ್ಯಗಳೂ ಒಮ್ಮೆಲೇ ನಿಲ್ಲುತ್ತವೆ. ಎರಡು ಗಿಟಾರು, ಡ್ರಮ್ಸು, ಹಾಡುವವನ ಗಂಟಲು, ಎಲ್ಲ. ಉಸಿರನ್ನು ಒಳಗೆಳೆದು ಹಿಡಿಯುವಷ್ಟು ಹೊತ್ತು ಏನೂ ಇರುವುದಿಲ್ಲ. ಆಮೇಲೆ ಎಲ್ಲವೂ ಸೇರಿ, ಮೊದಲಿಗಿಂತ ನಿಧಾನವಾಗಿ, ಮೊದಲಿಗಿಂತ ಭಾರವಾಗಿ ಬೀಳುತ್ತವೆ. ಮೆಟಲ್ ಸಂಗೀತ ಕೇಳದವರಿಗೆ ಹೇಳುವುದಾದರೆ, ಕಲ್ಲು ತುಂಬಿದ ಲಾರಿಯ ಹಿಂದಿನ ಬಾಗಿಲು ತೆಗೆದ ಮೇಲೆ ಮೊದಲ ಕಲ್ಲು ನೆಲ ಮುಟ್ಟುವವರೆಗಿನ ಹೊತ್ತು ಅದು. ಆ ಹೊತ್ತಿನಲ್ಲಿ ನಾನು ತಲೆ ಎತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ಕಲ್ಲು ಬಿದ್ದಾಗ ತಲೆ ಬೀಳಿಸುತ್ತಿದ್ದೆ. ಅದು ನನ್ನದು ಎಂದುಕೊಂಡಿದ್ದೆ.

ಅದನ್ನು ನನ್ನ ಗಂಡ ತೆಗೆದುಕೊಂಡರು. ಬೇಕೆಂದು ತೆಗೆದುಕೊಳ್ಳಲಿಲ್ಲ, ಅದು ನನಗೆ ಗೊತ್ತು. ಗೊತ್ತಿದ್ದುದರಿಂದ ಹೊಟ್ಟೆಕಿಚ್ಚೇನೂ ಕಡಿಮೆಯಾಗಲಿಲ್ಲ. ಹೊಸಪೇಟೆಯಲ್ಲಿ ನಡೆದದ್ದನ್ನು ನೆನೆದಾಗಲೆಲ್ಲ ನನಗೆ ಬೇಕಾದ ಹಾಗೆ ತಿರುಚಿಕೊಳ್ಳುತ್ತೇನೆ. ಅದಕ್ಕೇ ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಕೂಡ್ಲಿಗಿಯಲ್ಲಿ, ಹೆದ್ದಾರಿಯ ಪಕ್ಕದ ಮನೆಯಲ್ಲಿ. ಅದಿರಿನ ಲಾರಿ ಹೋದರೆ ಅಡುಗೆಮನೆಯ ಮಾಡದಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ನಡುಗುತ್ತಿದ್ದವು. ದಾವಣಗೆರೆಯಲ್ಲಿ ಓದುತ್ತಿದ್ದ ದೊಡ್ಡಪ್ಪನ ಮಗ ಒಂದು ರಜೆಯಲ್ಲಿ ಬಂದಾಗ ನನ್ನ ಮೊಬೈಲಿಗೆ ಒಂದು ಮೆಮರಿ ಕಾರ್ಡು ಹಾಕಿಕೊಟ್ಟ. "ಕೇಳಿ ನೋಡು, ತಲಿನೋವು ಬಂದ್ರ ನನ್ನ ಬೈಬ್ಯಾಡ" ಅಂದ. ತಲೆನೋವು ಬರಲಿಲ್ಲ. ಆ ಡ್ರಮ್ಮು ಕೇಳಿದಾಗ ನಮ್ಮ ಮಾಡದ ಲೋಟಗಳೇ ಮೊದಲು ನೆನಪಾದವು. ಹರಪನಹಳ್ಳಿಯ ಹಾಸ್ಟೆಲಿನಲ್ಲಿದ್ದು ಬಿ.ಎಡ್. ಓದುವಾಗ ದಿನಾ ಅದನ್ನೇ ಕೇಳುತ್ತಿದ್ದೆ. ಪಕ್ಕದ ಹುಡುಗಿ ಒಂದು ಸಲ ನನ್ನ ಇಯರ್‌ಫೋನಿನ ಒಂದು ತುದಿ ಕಿವಿಗೆ ಇಟ್ಟುಕೊಂಡು, "ಯಾರನ್ನೋ ಕೊಲ್ತಾ ಇದಾರೇನೇ?" ಎಂದು ಕೇಳಿ ಹಿಂದಿರುಗಿಸಿದಳು. ಮತ್ತೆ ಯಾರೂ ಕೇಳಲಿಲ್ಲ. ಅದೂ ನನಗೆ ಹಿತವೇ ಆಗಿತ್ತು.

ಮೊದಲ ಸಲ ಎದುರಿಗೆ ನಿಂತು ಕೇಳಿದ್ದು ದಾವಣಗೆರೆಯ ಒಂದು ಕಾಲೇಜು ಮೈದಾನದಲ್ಲಿ, ಅದೇ ಅಣ್ಣನ ಜೊತೆ. ಸ್ಪೀಕರಿನ ಎದುರು ನಿಂತಾಗ ಎದೆಯ ಗೂಡಿನ ಮಧ್ಯದ ಎಲುಬು ತಾನೇ ಒಂದು ವಾದ್ಯದ ಹಾಗೆ ಅದುರಿತು. ಸುತ್ತ ಇದ್ದವರೆಲ್ಲ ಗಂಡಸರು. ಆದರೆ ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಸ್ಟೇಜಿನ ಮೇಲಿತ್ತು. ನಮ್ಮ ಊರುಗಳಲ್ಲಿ ಅಂಗಡಿಗೆ ಹೋದರೂ "ಯಾರ ಮಗಳವಾ ನೀನು?" ಎಂದು ಕೇಳುತ್ತಾರೆ. ಅಲ್ಲಿ ಕೇಳಲಿಲ್ಲ. ಕೂದಲು ಬಿಚ್ಚಿ ತಲೆ ಬೀಸಿದೆ. ಮರುದಿನ ಕುತ್ತಿಗೆ ತಿರುಗಿಸಲಾಗಲಿಲ್ಲ. ಆ ನೋವನ್ನೂ ಯಾರಿಗೂ ಹೇಳದೆ ಇಟ್ಟುಕೊಂಡೆ.

ಮದುವೆಯ ಮಾತುಕತೆಗೆ ಕೊಟ್ಟೂರಿನಿಂದ ಬಂದವರು ಪೈಪು, ಪಂಪ್‌ಸೆಟ್ಟಿನ ಅಂಗಡಿಯವರು. ಹುಡುಗನನ್ನೂ ನನ್ನನ್ನೂ ಹಿತ್ತಲಲ್ಲಿ ಮಾತಾಡಲು ಬಿಟ್ಟಾಗ ನಾನು ಮೊದಲೇ ಹೇಳಿದೆ:

"ವರ್ಷದಾಗ ಒಂದೆರಡು ಸಲ ನಾನು ಸಂಗೀತದ ಕಾರ್ಯಕ್ರಮಕ್ಕ ಹೋಗ್ತೀನ್ರಿ. ಅದನ್ನ ಬಿಡಂಗಿಲ್ಲ."

"ಭಜನಿ ಏನ್ರಿ?"

"ಅಲ್ರಿ. ಗದ್ದಲದ್ದು."

"ಗದ್ದಲ ನಮ್ಮ ಮನ್ಯಾಗೂ ಐತ್ರಿ" ಅಂದರು.

ಅವರು ಹೇಳಿದ್ದು ಸಮಾಳದ ಮಾತು. ಮದುವೆಯಾಗಿ ಹೋದ ದಿನ ಅದನ್ನು ಕಂಡೆ. ಪಡಸಾಲೆಯ ಗೂಟಕ್ಕೆ ಕೆಂಪು ಬಟ್ಟೆ ಸುತ್ತಿ ತೂಗುಹಾಕಿದ್ದರು. ಸೊಂಟಕ್ಕೆ ಕಟ್ಟಿಕೊಂಡು, ಒಂದು ಕಡೆ ಕೋಲಿನಿಂದ, ಇನ್ನೊಂದು ಕಡೆ ಬರಿಗೈಯಿಂದ ಬಾರಿಸುವ ದಪ್ಪ ಚರ್ಮವಾದ್ಯ. ಅವರ ಅಜ್ಜನ ಕಾಲದಿಂದ ಆ ಮನೆಯ ಗಂಡಸರು ಬಳಗದ ಮದುವೆಗಳಲ್ಲಿ ವೀರಭದ್ರನ ಹೆಸರಿನಲ್ಲಿ ನಡೆಯುವ ಗುಗ್ಗಳದ ಮೆರವಣಿಗೆಗೆ ಸಮಾಳ ಬಾರಿಸುತ್ತ ಬಂದಿದ್ದಾರೆ. ಅಂಗಡಿಯ ಕೆಲಸ ಅಂಗಡಿಗೆ, ಸಮಾಳ ಸಮಾಳಕ್ಕೆ.

ನಾನು ತಂಬ್ರಹಳ್ಳಿಯಲ್ಲಿ ಹೈಸ್ಕೂಲಿಗೆ ಗಣಿತ ಕಲಿಸುತ್ತೇನೆ. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಶಾಲೆಯಲ್ಲಿ ಟೀಚರು, ಬಸ್ಸಿನಲ್ಲಿ ಪೈಪಿನಂಗಡಿಯವರ ಮನೆಯಾಕೆ, ಮನೆಯಲ್ಲಿ ಸೊಸೆ. ವರ್ಷದಲ್ಲಿ ಒಂದೆರಡು ಸಂಜೆ ಮಾತ್ರ ಈ ಮೂರೂ ಅಲ್ಲ. ನನಗೆ ಆ ಸಂಜೆಗಳು ಏನಾಗಿದ್ದವು ಎಂಬುದು ಗೊತ್ತಾಗಲೆಂದು ಇದನ್ನು ಹೇಳುತ್ತಿದ್ದೇನೆ.

ಮದುವೆಯಾದ ವರ್ಷ ಬೆಂಗಳೂರಿನ ಕಾರ್ಯಕ್ರಮಕ್ಕೆ ಹೊರಟಾಗ ಅತ್ತೆ ಬಾಗಿಲಲ್ಲಿ ನಿಂತರು.

"ಒಬ್ಬಾಕಿನ ಹ್ಯಾಂಗ ಹೋಗ್ತಿ ಬೇ? ಇವನ್ನ ಕರ್ಕೊಂಡು ಹೋಗು. ಬ್ಯಾರೆ ಏನಿಲ್ಲಂದ್ರೂ ಚೀಲ ಹಿಡೀತಾನ."

ಹೇಳಿ, ಹಡಗಲಿ ಮಲ್ಲಿಗೆಯ ಒಂದು ಮೊಳ ನನ್ನ ಜಡೆಗೆ ಮುಡಿಸಿದರು. ಆ ಹೂವನ್ನು ಕಾರ್ಯಕ್ರಮದ ಹಾಲಿನ ಬಾಗಿಲಲ್ಲಿ ತೆಗೆದು ಗಂಡನ ಕೈಗೆ ಕೊಟ್ಟು, ಕೂದಲು ಬಿಚ್ಚಿಕೊಂಡು ನಾನು ಮುಂದೆ ಹೋದೆ. ಅವರು ಕಿವಿಗೆ ಹತ್ತಿ ತುರುಕಿಕೊಂಡು, ಹಿಂದಿನ ಗೋಡೆಗೆ ಒರಗಿ, ಎದೆಯ ಮೇಲೆ ನನ್ನ ಚೀಲ, ಅಂಗೈಯಲ್ಲಿ ಮಲ್ಲಿಗೆ ಇಟ್ಟುಕೊಂಡು ನಿಂತರು. ಸ್ವಲ್ಪ ಹೊತ್ತಿಗೆ ನೀರು ಕುಡಿಯಲು ಹಿಂದೆ ಬಂದೆ.

"ಮುಗೀತೇನು?" ಎಂದು ಕೇಳಿದರು.

"ಇನ್ನಾ ಶುರು ಆಗಿಲ್ಲ. ಇದು ಸೌಂಡ್ ಚೆಕ್ಕು."

"ಅಯ್ಯ ಶಿವನ" ಅಂದು ಹತ್ತಿಯನ್ನು ಇನ್ನಷ್ಟು ಒಳಗೆ ತಳ್ಳಿಕೊಂಡರು.

ಆಮೇಲಿನ ಒಂದೆರಡು ಕಾರ್ಯಕ್ರಮಗಳೂ ಹೀಗೇ ನಡೆದವು. ಅವರು ಹಿಂದೆ, ನಾನು ಮುಂದೆ. ನನಗೆ ಅದು ಬಹಳ ಚೆನ್ನಾಗಿತ್ತು. ಮನೆಗೆ ಮನೆಯೂ ಇತ್ತು, ನನ್ನ ಜಾಗಕ್ಕೆ ನನ್ನ ಜಾಗವೂ ಇತ್ತು. ನಡುವೆ ಒಂದು ಹಾಲಿನಷ್ಟು ಅಂತರ.

ಕೆಟ್ಟದ್ದು ಅವುಗಳ ಮುಂದಿನ ಸಲ. ಅದು ಬೆಂಗಳೂರಿನ ಹೊರಗೆ, ಬಯಲಿನಲ್ಲಿ, ಹಗಲಲ್ಲೇ ಶುರುವಾದ ಕಾರ್ಯಕ್ರಮ. ಬಿಸಿಲಿತ್ತು. ನಾನು ಸ್ಟೇಜಿನ ಮುಂದೆ ಅಡ್ಡಕಟ್ಟಿದ ಕಬ್ಬಿಣದ ಕಟಾಂಜನಕ್ಕೆ ಹೊಟ್ಟೆ ಆನಿಸಿ ನಿಂತಿದ್ದೆ. ನಾನು ಮೊದಲಿಗೇ ಹೇಳಿದ ಆ ಹಾಡಿನ ತಂಡ ಬಂತು. ಹಾಡು ಶುರುವಾಗುವ ಹೊತ್ತಿಗೆ ಯಾರೋ ಹೆಗಲು ಮುಟ್ಟಿದರು. ತಿರುಗಿದರೆ ನನ್ನ ಗಂಡ, ಕೈಯಲ್ಲಿ ನೀರಿನ ಬಾಟಲಿ. "ಬಿಸಲಾಗ ತಲಿ ತಿರಗೀತು, ಕುಡಿ" ಎಂದು ಕೂಗಿ ಹೇಳಿದರು. ಕುಡಿದೆ. ಹಿಂದೆ ಹೋಗಲು ಅವರಿಗೆ ದಾರಿ ಇರಲಿಲ್ಲ. ಜನ ಮುಚ್ಚಿಕೊಂಡಿದ್ದರು. ಹಾಗಾಗಿ ಪಕ್ಕದಲ್ಲೇ ನಿಂತರು.

ಹಾಡು ಓಡಿತು, ನಿಂತಿತು. ನಾನು ತಲೆ ಎತ್ತಿದೆ, ಕಣ್ಣು ಮುಚ್ಚಿದೆ.

"ಖಡೆ ಖಡೆ!"

ನನ್ನ ಎಡಗಿವಿಯ ಪಕ್ಕದಲ್ಲೇ ಬಂತು ಅದು. ಹೊಟ್ಟೆಯ ಆಳದಿಂದ, ಸೀಳಿಕೊಂಡು. ಮಾತು ಮುಗಿದ ಕ್ಷಣಕ್ಕೆ ಸರಿಯಾಗಿ ಡ್ರಮ್ಸು, ಗಿಟಾರು ಎಲ್ಲ ಬಿದ್ದವು. ಒಂದು ಕೂದಲಿನಷ್ಟೂ ಆಚೆ ಈಚೆ ಇಲ್ಲ. ಆ ಹಾಡನ್ನು ಬರೆಯುವಾಗಲೇ ಆ ಕೂಗಿಗೆಂದು ಜಾಗ ಬಿಟ್ಟಿದ್ದರೇನೋ ಎನ್ನುವ ಹಾಗೆ.

ಗುಗ್ಗಳ ನೋಡಿದವರಿಗೆ ಏನಾಯಿತೆಂದು ಅರ್ಥವಾಗುತ್ತದೆ. ಮೆರವಣಿಗೆಯ ಮುಂದೆ ಕುಣಿಯುವ ಪುರವಂತ ಕೈ ಮೇಲೆತ್ತಿದರೆ ವಾದ್ಯಗಳೆಲ್ಲ ಗಕ್ಕನೆ ನಿಲ್ಲಬೇಕು. ಅವನು ವೀರಭದ್ರನನ್ನು ಹೊಗಳುವ ಒಡಪು ಹೇಳುತ್ತಾನೆ. ಹೇಳಿ ಮುಗಿಸಿದ ಕೂಡಲೇ ಬಾರಿಸುವವರು "ಖಡೆ ಖಡೆ" ಎಂದು ಕೂಗಿ ಒಟ್ಟಿಗೆ ಪೆಟ್ಟು ಹಾಕಬೇಕು. ನನ್ನ ಗಂಡ ಸಣ್ಣವರಿದ್ದಾಗಿನಿಂದ ಹಾಗೆ ಕೂಗಿದ್ದಾರೆ. ಎಲ್ಲ ನಿಂತುಬಿಟ್ಟಾಗ ಅವರ ಗಂಟಲು ತಾನಾಗಿ ತೆರೆದುಕೊಂಡಿತು. ನಮ್ಮ ಕಡೆಯ ಒಬ್ಬ ಮನುಷ್ಯ ಮಾತ್ರ ಮಾಡಬಹುದಾದ ತಪ್ಪು ಅದು.

ಹಾಡು ಮುಗಿದ ಮೇಲೆ ಹಾಡುವವನು ಬೆವರು ಒರೆಸಿಕೊಂಡು ಮುಂದೆ ಬಂದು ನಮ್ಮ ಕಡೆ ಬೆರಳು ತೋರಿಸಿದ. ಒಂದು ಗಳಿಗೆ, ಒಂದೇ ಗಳಿಗೆ, ನನ್ನನ್ನೇ ತೋರಿಸುತ್ತಿದ್ದಾನೆ ಅಂದುಕೊಂಡೆ.

"ಅಣ್ಣಾ! ಚೀಲ ಹಾಕ್ಕೊಂಡಿರೋ ಅಣ್ಣಾ! ಏನದು? ಇನ್ನೊಂದ್ಸಲ ಹೇಳಿ!"

ಆ ಭಾಗವನ್ನು ಮತ್ತೆ ಬಾರಿಸಿದರು. ಇವರು ಮತ್ತೆ ಕೂಗಿದರು. ಮೂರನೆಯ ಸಲಕ್ಕೆ ಬಯಲೆಲ್ಲ ಕೂಗಿತು. ಅಷ್ಟು ಹೊತ್ತಿಗೆ ಯಾರೋ ಹುಡುಗರು ಇವರನ್ನು ಹೆಗಲ ಮೇಲೆ ಎತ್ತಿಕೊಂಡಿದ್ದರು. ನನ್ನ ಹಸಿರು ಚೀಲ ಅವರ ಕೊರಳಲ್ಲಿ ತೂಗುತ್ತಿತ್ತು. ಎತ್ತಿಕೊಳ್ಳುವ ತಳ್ಳಾಟದಲ್ಲಿ ನಾನು ಕಟಾಂಜನದಿಂದ ಹಿಂದಕ್ಕೆ ಸರಿದಿದ್ದೆ. ನಾನಿದ್ದಲ್ಲಿಂದ ಸ್ಟೇಜು ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ನನ್ನ ಗಂಡನ ಚಪ್ಪಲಿಯ ಅಡಿಭಾಗ. ಬಲಗಾಲಿನದರಲ್ಲಿ ಒಂದು ಮೊಳೆ ಹೊಡೆಸಿದ್ದು ಕಾಣುತ್ತಿತ್ತು.

ಆಮೇಲೆ ಎಲ್ಲರಿಗೂ ಅವರ ಜೊತೆ ಫೋಟೋ ಬೇಕಾಯಿತು. ಕಪ್ಪು ಅಂಗಿಯ ಒಬ್ಬ ನನ್ನ ಕೈಗೆ ಮೊಬೈಲು ಕೊಟ್ಟ.

"ಆಂಟಿ, ಒಂದು ಫೋಟೋ ತೆಗೀತೀರಾ?"

ತೆಗೆದೆ. ಅವನು ಮೊಬೈಲು ವಾಪಸು ತೆಗೆದುಕೊಂಡು, ನನ್ನ ಬಿಚ್ಚಿದ ಕೂದಲು ನೋಡಿ, ಮರ್ಯಾದೆಗೆಂಬಂತೆ ಕೇಳಿದ: "ಅಣ್ಣನ ಮಿಸೆಸ್ಸಾ? ನೀವೂ ಮೆಟಲ್ ಕೇಳ್ತೀರಾ?"

ಊರಿಗೆ ಬರುವ ಬಸ್ಸಿನಲ್ಲಿ ಚಿತ್ರದುರ್ಗ ದಾಟಿದ ಮೇಲೆ ಅವರೇ ಕೇಳಿದರು.

"ನಿನ್ನ ಹಾಡು ಕೆಡಿಸಿದೆನೇನು?"

"ಇಲ್ಲ."

"ಖರೆ ಹೇಳು. ನಾ ಕೂಗಬೇಕಂತ ಕೂಗಿದ್ದಲ್ಲ. ನಿಂತುಬಿಡ್ತಲ್ಲ, ಅದ ಬಂತು."

"ಚಲೋ ಇತ್ತು" ಅಂದೆ. ಸುಳ್ಳಲ್ಲ. ಅದು ಕೆಟ್ಟದಾಗಿದ್ದರೆ, ಹೊತ್ತು ತಪ್ಪಿ ಬಂದಿದ್ದರೆ, ನಾನು ನಕ್ಕು ಮರೆಯುತ್ತಿದ್ದೆ. ನಾನು ಆ ಹಾಡನ್ನು ಎಷ್ಟು ವರ್ಷ ಕೇಳಿದ್ದೇನೆ, ಅದರ ಪ್ರತಿ ತಿರುವೂ ಗೊತ್ತು. ಆದರೂ ಆ ಖಾಲಿ ಜಾಗದಲ್ಲಿ ಏನಾದರೂ ಇಡಬಹುದೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡ ಮನುಷ್ಯನಿಗೆ ಹೊಳೆಯಿತು. ಹೊಳೆಯಲೂ ಇಲ್ಲ, ಬಂತು.

ವೀಡಿಯೋ ನಮಗಿಂತ ಮೊದಲೇ ಊರು ಸೇರಿತ್ತು. ಸೋಮವಾರ ಒಂಬತ್ತನೆಯ ತರಗತಿಯಲ್ಲಿ ಹಲಗೆಯ ಮೇಲೆ ಲೆಕ್ಕ ಬರೆದು, ಬಿಡಿಸಲು ಹೇಳಿ ತಿರುಗಿ ನಿಂತೆ. ತರಗತಿ ಸುಮ್ಮನಾಯಿತು. ಹಿಂದಿನ ಬೆಂಚಿನಿಂದ ಸಣ್ಣ ದನಿಯಲ್ಲಿ ಬಂತು: "ಖಡೆ ಖಡೆ." ಎಲ್ಲ ಮಕ್ಕಳೂ ನಕ್ಕರು. ಒಬ್ಬಳು ಎದ್ದು ನಿಂತು, "ಟೀಚರ್, ನಿಮ್ಮ ಮನಿಯವರನ್ನ ಎತ್ತಿಕೊಂಡಿದ್ರಲ್ರಿ, ನಿಮ್ಮ ಚೀಲ ಕಂಡ್ತು ನೋಡ್ರಿ" ಅಂದಳು. ನನ್ನ ಚೀಲ ಕಂಡಿತ್ತು. ನಾನು ಕಂಡಿರಲಿಲ್ಲ.

ಆಮೇಲಿನ ಕಾರ್ಯಕ್ರಮಗಳಲ್ಲಿ ನನ್ನ ಗಂಡ ಹಿಂದಿನ ಗೋಡೆಗೆ ಹೋಗಲಿಲ್ಲ. ಹೋಗಲು ಜನ ಬಿಡಲಿಲ್ಲ. "ಖಡೆ ಅಣ್ಣ ಬಂದ್ರು" ಎಂದು ದಾರಿ ಬಿಟ್ಟು ಕಟಾಂಜನದ ತನಕ ಕಳಿಸುತ್ತಿದ್ದರು. ನಾನು ಅವರ ಹಿಂದೆ ಹಿಂದೆ, ಆ ದಾರಿ ಮುಚ್ಚಿಕೊಳ್ಳುವ ಮೊದಲು, ನುಗ್ಗಿಕೊಂಡು ಹೋಗುತ್ತಿದ್ದೆ. ಹತ್ತಿ ಇಟ್ಟುಕೊಳ್ಳುವುದನ್ನು ಬಿಟ್ಟರು. ಮನೆಯಲ್ಲಿ ಊಟದ ಹೊತ್ತಿಗೆ "ಆ ಇನ್ನೊಂದು ಹಾಡಿನ್ಯಾಗ ಡ್ರಮ್ಮಿನವ ಯಾಕ ಅವಸರ ಮಾಡ್ತಾನ?" ಎಂದು ನನ್ನನ್ನೇ ಕೇಳತೊಡಗಿದರು. ಅವರ ಪ್ರಶ್ನೆ ಸರಿಯಾಗಿತ್ತು. ಡ್ರಮ್ಮಿನವನು ಅಲ್ಲಿ ಅವಸರ ಮಾಡುತ್ತಾನೆ. ನಾನು ರೊಟ್ಟಿ ಮುರಿಯುತ್ತ, "ಅದು ಹಂಗ ಇರೋದು" ಅಂದೆ.

ಒಂದು ದಿನ ಅಂಗಡಿಯಿಂದ ಬೇಗ ಬಂದರು. ನಾನು ಬಚ್ಚಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಬಾಗಿಲ ಚೌಕಟ್ಟು ಹಿಡಿದು ನಿಂತು ಹೇಳಿದರು. ಆ ತಂಡದವರು ಹೊಸಪೇಟೆಗೆ ಬರುತ್ತಿದ್ದಾರೆ. ಇವರು ಸಮಾಳ ಬಾರಿಸುತ್ತಾರೆಂದು ಯಾರಿಂದಲೋ ತಿಳಿದಿದೆ. ಆ ಒಂದು ಹಾಡಿಗೆ ಸಮಾಳ ಕಟ್ಟಿಕೊಂಡು ಸ್ಟೇಜಿನ ಮೇಲೆ ಬರಬೇಕಂತೆ.

"ನೀ ಬ್ಯಾಡ ಅಂದ್ರ ಬ್ಯಾಡ ಅಂತೀನಿ" ಅಂದರು. "ಅದು ನಿಂದು. ನಂಗ ಗೊತ್ತೈತಿ."

ಹೊಟ್ಟೆಕಿಚ್ಚುಪಡುವವರಿಗೆ ಇದಕ್ಕಿಂತ ದೊಡ್ಡ ಕಷ್ಟ ಇಲ್ಲ. ಎದುರಿನವರು ದರ್ಪ ತೋರಿಸಿದರೆ ಜಗಳವಾಡಬಹುದು. ಇವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಕೇಳುವಾಗ ಎರಡು ಬೆರಳಿನಿಂದ ಚೌಕಟ್ಟಿನ ಮೇಲೆ ಆ ಹಾಡಿನ ನಡೆಯನ್ನೇ ತಟ್ಟುತ್ತಿದ್ದರು. ಅವರಿಗದು ಗೊತ್ತಿರಲಿಲ್ಲ.

"ಹೋಗ್ರಿ, ಅದರಾಗೇನು" ಅಂದೆ. ತೊಳೆದ ಬೋಗುಣಿಯನ್ನೇ ಮತ್ತೆ ತೊಳೆದೆ.

ಅತ್ತೆಗೆ ಇದ್ದ ಚಿಂತೆ ಬೇರೆ. "ಸಮಾಳ ಒಯ್ಯೋದಾದ್ರ ಪೂಜಿ ಮಾಡಿ ಒಯ್ಯಿ. ಅಲ್ಲೆ ಎಲ್ಲಾರೂ ಚಪ್ಪಲಿ ಹಾಕ್ಕೊಂಡಿರ್ತಾರಂತ. ಕಾಲು ತಾಕಸಬ್ಯಾಡ" ಅಂದರು. ಅಷ್ಟೇ.

ತಂಡದವರು ಹೊಸಪೇಟೆಗೆ ಹೋಗುವ ಮುನ್ನ ತಾಲೀಮಿಗೆ ಕೊಟ್ಟೂರಿಗೇ ಬಂದರು. ನಾಲ್ಕು ಜನ ಹುಡುಗರು. ನಾನು ವರ್ಷಗಟ್ಟಲೆ ದೂರದಿಂದ ನೋಡಿದವರು ನಮ್ಮ ಪೈಪಿನ ಗೋಡೌನಿನಲ್ಲಿ, ಹನಿ ನೀರಾವರಿಯ ಪೈಪಿನ ಸುರುಳಿಗಳ ಮೇಲೆ ಕೂತು, ಅತ್ತೆ ಕೊಟ್ಟ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದರು. ಡ್ರಮ್ಮಿನವನಿಗೆ ಖಾರ ಹತ್ತಿ ಕಣ್ಣಲ್ಲಿ ನೀರು ಬಂದಿತ್ತು. "ಇಷ್ಟಕ್ಕ ಅತ್ತರ ಹೊಡಿಯೋದು ಹ್ಯಾಂಗಪ್ಪಾ?" ಎಂದು ಅತ್ತೆ ಮಜ್ಜಿಗೆ ಕೊಟ್ಟರು. ನಾನು ಅವನೊಂದಿಗೆ ಮಾತಾಡಬೇಕೆಂದು ಎಷ್ಟೋ ಪ್ರಶ್ನೆ ಇಟ್ಟುಕೊಂಡಿದ್ದೆ. ಅವನು ಲೋಟ ನನ್ನ ಕೈಗೆ ಕೊಟ್ಟು, "ಥ್ಯಾಂಕ್ಸ್ ಅಕ್ಕಾ" ಎಂದು ನನ್ನ ಗಂಡನ ಕಡೆ ತಿರುಗಿದ.

ತಾಲೀಮು ಕೂಡಿಬರಲಿಲ್ಲ. ನಿಶ್ಶಬ್ದದ ತನಕ ಸರಿ ಹೋಗುತ್ತಿತ್ತು. ಆಮೇಲೆ ಎಲ್ಲರೂ ಒಟ್ಟಿಗೆ ಬೀಳುವಾಗ ಸಮಾಳ ಒಮ್ಮೆ ಮುಂಚೆ, ಒಮ್ಮೆ ತಡ. ಆ ಹುಡುಗರಿಗೆ ಕಿವಿಯೊಳಗೆ ಒಂದು ಯಂತ್ರ ಟಿಕ್ ಟಿಕ್ ಎಂದು ಎಣಿಸಿಕೊಡುತ್ತದೆ. ಇವರಿಗೂ ಒಂದು ಕೊಟ್ಟು ನೋಡಿದರು. ಇನ್ನೂ ಕೆಟ್ಟಿತು.

"ಅಣ್ಣಾ, ಸುಮ್ಮನೆ ಏಳು ಎಣಿಸಿ. ಎಂಟಕ್ಕೆ ಹೊಡೀರಿ" ಅಂದ ಡ್ರಮ್ಮಿನವನು.

"ಎಣಿಸಿಕೋತ ಹೊಡಿಯೋದು ಹ್ಯಾಂಗೋ ತಮ್ಮಾ? ಪೈಪ್ ಎಣಿಸಿದಂಗೇನು?"

"ಮತ್ತೆ ಅವತ್ತು ಹೇಗೆ ಕರೆಕ್ಟಾಗಿ ಕೂಗಿದ್ರಿ?"

ನನ್ನ ಗಂಡ ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಯೋಚಿಸಿದರು. ಆಮೇಲೆ ಹೇಳಿದ ಮಾತನ್ನು ಅವರು ಅದಕ್ಕೂ ಮೊದಲು ನನಗೂ ಹೇಳಿರಲಿಲ್ಲ. ಸಮಾಳ ಬಾರಿಸುವವನು ಜನರನ್ನು ನೋಡಬಾರದು, ತನ್ನ ಕೈಯನ್ನೂ ನೋಡಬಾರದು. ಪುರವಂತನನ್ನು ನೋಡಬೇಕು. ಅವನ ಮೈ ಯಾವಾಗ ಇಳಿಯುತ್ತದೋ ಆಗ ಪೆಟ್ಟು. ಎಣಿಕೆ ಇಲ್ಲ.

"ಅವತ್ತು ಪುರವಂತ ಇರಲಿಲ್ಲಲ್ಲ" ಅಂದರು. "ಇಕಿ ಇದ್ದಳು. ತಲಿ ಮ್ಯಾಲೆತ್ತಿ ನಿಂತಿದ್ದಳು. ಕುತ್ತಿಗಿ ನೋಡಿದೆ. ಇನ್ನೇನು ಇಳೀತೈತಿ ಅನ್ನೂದ್ರಾಗ ಕೂಗಿದೆ."

ಹುಡುಗರು ಮೊದಲ ಸಲ ನನ್ನನ್ನು ನೋಡಿದರು.

ಅತ್ತೆ, "ಹಂಗಾರ ನಿಲ್ಲು ಬೇ ಎದುರಿಗೆ, ಇಷ್ಟಕ್ಕ ಯಾಕ ಒದ್ದಾಡ್ತೀರಿ?" ಅಂದರು. ನಾನು ಪೈಪಿನ ರಾಶಿಯ ಪಕ್ಕದಲ್ಲಿ, ಸೀರೆಯ ಸೆರಗು ಸಿಕ್ಕಿಸಿಕೊಂಡು, ಅತ್ತೆಯ ಎದುರು, ತಲೆ ಎತ್ತಿ ನಿಂತೆ. ನಿಶ್ಶಬ್ದ ಬಂತು. ತಲೆ ಇಳಿಸಿದೆ. "ಖಡೆ ಖಡೆ" ಎಂಬ ಕೂಗೂ ಪೆಟ್ಟೂ ಒಟ್ಟಿಗೆ ಬಂದು ತಗಡಿನ ಚಾವಣಿ ಗುಂಯ್ ಅಂದಿತು. ಒಂದೇ ಸಲಕ್ಕೆ ಸರಿಯಾಯಿತು. ಹುಡುಗರು ಕೂಗಿಕೊಂಡು ಓಡಿಬಂದು ನನ್ನ ಗಂಡನನ್ನು ತಬ್ಬಿಕೊಂಡರು.

ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕೂಗು ಅವರದು, ಅದರ ಮೂಲ ನನ್ನ ಕುತ್ತಿಗೆ. ನಾನು ಕಣ್ಣು ಮುಚ್ಚಿ, ಯಾರೂ ನೋಡುತ್ತಿಲ್ಲ ಎಂದು ನಂಬಿ ನಿಂತಿದ್ದ ಹೊತ್ತಿನಲ್ಲಿ ಅವರು ನೋಡುತ್ತಿದ್ದರು. ನನ್ನಿಂದ ಕಲಿತದ್ದಕ್ಕೆ ನನ್ನ ಎದುರೇ ಅವರಿಗೆ ಚಪ್ಪಾಳೆ ಸಿಗುತ್ತಿತ್ತು. ಖಾಲಿ ಮಂಡಕ್ಕಿ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ನಾನು ಒಳಗೆ ಹೋದೆ.

ಹೊಸಪೇಟೆಯ ಕಾರ್ಯಕ್ರಮ ಸಂಜೆಗೆ. ಮುಂದಿನ ಸಾಲಿನ ಮಧ್ಯದಲ್ಲಿ ನನಗೆ ಜಾಗ ಹಿಡಿದಿಟ್ಟಿದ್ದರು. ನೆಲಕ್ಕೆ ಬಿಳಿ ಟೇಪಿನಿಂದ ಗುರುತು ಹಾಕಿದ್ದರು, ಸ್ಪೀಕರುಗಳಿಗೆ ಹಾಕುವ ಹಾಗೆ. ಬಳ್ಳಾರಿ, ಕೊಪ್ಪಳದ ಕಡೆಯಿಂದೆಲ್ಲ ಹುಡುಗರು ಬಂದಿದ್ದರು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳೂ ಇದ್ದರು. "ನಮಸ್ಕಾರ ಟೀಚರ್" ಅಂದರು. ಹಾಗಾಗಿ ಅಲ್ಲಿಯೂ ನಾನು ಟೀಚರೇ ಆದೆ. ಕೂದಲು ಬಿಚ್ಚಲೋ ಬೇಡವೋ ಎಂದು ನಿಂತೆ. ಬಿಚ್ಚಿದೆ.

ಆ ಹಾಡಿಗೆ ನನ್ನ ಗಂಡ ಬರಿಗಾಲಲ್ಲಿ ಬಂದರು. ಬಿಳಿ ಪಂಚೆ, ಹಣೆಗೆ ವಿಭೂತಿ, ಸೊಂಟದಲ್ಲಿ ಸಮಾಳ. ಬಂದವರೇ ಜನರನ್ನು ನೋಡಲಿಲ್ಲ, ನನ್ನನ್ನು ಹುಡುಕಿದರು. ಸಿಕ್ಕಿದೆ. ಆಮೇಲೆ ಕಣ್ಣು ತೆಗೆಯಲಿಲ್ಲ. ಹಾಡು ಶುರುವಾಯಿತು. ಸಮಾಳದ ದನಿ ಗಿಟಾರುಗಳ ಕೆಳಗಿನಿಂದ ಹಸಿ ಚರ್ಮದ ವಾಸನೆಯ ಹಾಗೆ ಎದ್ದು ಬಂತು. ನಾನು ಅಲ್ಲಿಯ ತನಕ ಕೇಳಿದ್ದರಲ್ಲೆಲ್ಲ ಅದೇ ಚೆನ್ನಾಗಿತ್ತು. ಅದನ್ನು ಇಲ್ಲಿ ಬರೆಯದೆ ಇರಲಾಗುವುದಿಲ್ಲ.

ಎಲ್ಲ ನಿಂತಿತು. ತಲೆ ಎತ್ತಿದೆ.

ಆ ಸಲ ಕಣ್ಣು ಮುಚ್ಚಲಿಲ್ಲ. ಸಮಾಳದ ಕೋಲು ಮೇಲಿತ್ತು. ಸಮಾಳದ ಪೆಟ್ಟು ಬಿದ್ದಾಗ ತಾವೂ ಬಾರಿಸುವುದು ಎಂದು ತಂಡದವರ ಮಾತಾಗಿತ್ತು. ಹಾಗಾಗಿ ಡ್ರಮ್ಮಿನವನ ಕೋಲುಗಳೂ ಮೇಲಿದ್ದವು. ಗಿಟಾರಿನವರ ಕೈ ತಂತಿಯ ಮೇಲೆ ಒತ್ತಿಕೊಂಡಿತ್ತು. ಅಷ್ಟೂ ಜನ ಬಾಯಿ ತೆರೆದುಕೊಂಡು ಕಾದಿದ್ದರು. ನನ್ನ ಕುತ್ತಿಗೆಗೆ ಗೊತ್ತಿರುವ ಹೊತ್ತು ಬಂತು. ನಾನು ತಲೆ ಇಳಿಸಲಿಲ್ಲ.

ಕೆಡಿಸಬೇಕೆಂದು ಮೊದಲೇ ಯೋಚಿಸಿರಲಿಲ್ಲ. ಆ ಹೊತ್ತು ಬಂದಾಗ, ಇಷ್ಟಾದರೂ ನನ್ನದಾಗಿರಲಿ ಅನಿಸಿತು. ತಲೆ ಅಲ್ಲೇ ಉಳಿಯಿತು. ಹೊತ್ತು ದಾಟಿತು. ಮೈದಾನದ ಆಚೆ ಒಂದು ಆಟೋ ಹೋದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಯಾರೋ ಕೆಮ್ಮಿದರು. ಹಾಡುವವನು ತಿರುಗಿ ನನ್ನ ಗಂಡನನ್ನು ನೋಡಿದ.

ನಾನೂ ಅವರನ್ನೇ ನೋಡುತ್ತಿದ್ದೆ. ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆನೋ ಏನೋ. ಸಿಟ್ಟಿರಲಿಲ್ಲ. ಆ ಮುಖವನ್ನು ನಾನು ಒಂದೇ ಒಂದು ಸಲ ನೋಡಿದ್ದೆ, ಹೊಳಲು ಎಂಬ ಊರಿನಲ್ಲಿ, ಒಂದು ಮದುವೆಯ ಗುಗ್ಗಳದಲ್ಲಿ. ಪುರವಂತ ಆವೇಶದಲ್ಲಿ ನಿಂತವನು ನಿಂತೇ ಇದ್ದ, ಇಳಿಯಲಿಲ್ಲ. ಆಗ ಇವರು ಸಮಾಳ ಹಿಡಿದುಕೊಂಡೇ ಅವನನ್ನು ಹಿಡಿಯಲು ಓಡಿದ್ದರು. ಒಬ್ಬ ಮನುಷ್ಯ ಮರಳಿ ಬರಲಿಲ್ಲವೆಂದರೆ ಅದು ಬಾರಿಸುವವನ ತಪ್ಪು ಎಂದು ಅವರಲ್ಲಿ ನಂಬಿಕೆ. ಹೊಸಪೇಟೆಯ ಸ್ಟೇಜಿನ ಮೇಲೆ ಅದೇ ಮುಖ. ನನಗೇನೋ ಆಗಿದೆ ಎಂದು ಅವರು ಹೆದರಿದ್ದರು. ಕೋಲು ಮೇಲೇ ಇತ್ತು, ಆದರೆ ಕಾಲು ಮುಂದೆ ಬಂದಿತ್ತು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಸ್ಟೇಜಿನಿಂದ ಇಳಿದುಬಿಡುತ್ತಿದ್ದರು.

ತಲೆ ಇಳಿಸಿದೆ.

"ಖಡೆ ಖಡೆ" ಅಂದರು. ಎಲ್ಲವೂ ಬಿತ್ತು. ಕೂಗು ಒಡೆದಿತ್ತು. ಅದನ್ನು ಗುರುತಿಸಿದ್ದು ನಾನೊಬ್ಬಳೇ ಇರಬೇಕು. ಉಳಿದವರಿಗೆ ಗುರುತಿಸಲು ಬಿಡುವಿರಲಿಲ್ಲ. ಆ ಮೈದಾನ ಅಂಥ ಕೂಗನ್ನು ಮತ್ತೆಂದೂ ಕೂಗಿರಲಾರದು. ಕಟಾಂಜನ ಹಿಡಿದು, ಹಾಡು ಮುಗಿಯುವ ತನಕ ತಲೆ ಬೀಸದೆ ಸುಮ್ಮನೆ ನಿಂತೆ.

ಸ್ಟೇಜಿನ ಹಿಂದೆ ಹೋದಾಗ ಅವರು ಸಮಾಳ ಬಿಚ್ಚಿ ಕೆಂಪು ಬಟ್ಟೆಯ ಮೇಲೆ ಇಡುತ್ತಿದ್ದರು. ಹುಡುಗರು ಸುತ್ತ ಕುಣಿಯುತ್ತಿದ್ದರು.

"ಅಣ್ಣಾ, ಆ ಗ್ಯಾಪ್! ಎಷ್ಟೊತ್ತು ಹಿಡಿದ್ರಿ! ನಾನು ಸತ್ತೇ ಹೋದೆ ಅಂದ್ಕೊಂಡೆ. ಮುಂದೆ ಎಲ್ಲಾ ಶೋನಲ್ಲೂ ಇಷ್ಟೇ ಉದ್ದ ಇರಲಿ" ಅಂದ ಡ್ರಮ್ಮಿನವನು.

"ಅದು ನನ್ನ ಕೈಯಾಗಿಲ್ಲಪ್ಪ" ಅಂದರು ನನ್ನ ಗಂಡ. "ಅಕಿ ಕೈಯಾಗೈತಿ."

ಎಲ್ಲರೂ ನಕ್ಕರು. ಹೆಂಡತಿಯ ಬಗ್ಗೆ ಗಂಡಂದಿರು ಮಾಡುವ ತಮಾಷೆ ಅಂದುಕೊಂಡರು. "ಎಲ್ಲರ ಮನೇಲೂ ಅಷ್ಟೇ ಬಿಡಿ ಅಣ್ಣಾ" ಅಂದ ಒಬ್ಬ.

ನಾವಿಬ್ಬರೇ ಆದಾಗ ಅವರು ನನ್ನ ಮೊಣಕೈ ಹಿಡಿದು, "ಏನಾಗಿತ್ತು? ತಲಿ ತಿರಗಿತ್ತೇನು?" ಎಂದು ಕೇಳಿದರು.

"ಇಲ್ಲ. ನಾನ ಇಳಸಲಿಲ್ಲ."

"ಬೇಕಂತ?"

"ಹೂಂ."

ಅವರು ನನ್ನ ಕೈ ಬಿಡಲಿಲ್ಲ. "ನಾ ಅಂಜಿಬಿಟ್ಟಿದ್ದೆ ನೋಡು" ಅಂದರು. ಅಷ್ಟೇ. ಸಮಾಳ ಹೆಗಲಿಗೇರಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ದಾರಿಯಲ್ಲಿ ನನ್ನ ಚೀಲವನ್ನೂ ಕೇಳಿ ತೆಗೆದುಕೊಂಡರು.

ಆ ತಂಡ ಆಮೇಲೆ ಕರೆದಾಗ ಅವರು ಹೋಗಲಿಲ್ಲ. ಅಂಗಡಿಯಲ್ಲಿ ಕೆಲಸವಿದೆ ಅಂದರು. ಬೋರು ಕೊರೆಸುವ ಕಾಲ, ಕೆಲಸ ಇದ್ದದ್ದೂ ನಿಜ. "ನೀ ಹೋಗಿ ಬಾ, ಒಬ್ಬಾಕಿನ" ಅಂದರು. ಅತ್ತೆ ಬಾಗಿಲಲ್ಲಿ ನಿಂತರೂ ಏನೂ ಅನ್ನಲಿಲ್ಲ. ಮಲ್ಲಿಗೆ ಮಾತ್ರ ಮುಡಿಸಿದರು. ಅದನ್ನು ಹಿಡಿದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಚೀಲದೊಳಗೆ ಹಾಕಿಕೊಂಡೆ.

ಬೆಂಗಳೂರಿನ ಅದೇ ಹಾಲು. ಕಟಾಂಜನದ ತನಕ ನಾನೇ ದಾರಿ ಮಾಡಿಕೊಂಡು ಹೋದೆ. ಯಾರೂ ಆಂಟಿ ಅನ್ನಲಿಲ್ಲ, ಟೀಚರ್ ಅನ್ನಲಿಲ್ಲ, ಯಾರ ಮಿಸೆಸ್ಸು ಎಂದು ಕೇಳಲಿಲ್ಲ. ನನಗೆ ಬೇಕಾಗಿದ್ದದ್ದು ಪೂರ್ತಿಯಾಗಿ ಮರಳಿ ಸಿಕ್ಕಿತ್ತು. ಆ ಹಾಡು ಬಂತು, ಓಡಿತು, ನಿಂತಿತು. ತಲೆ ಎತ್ತಿ ಕಣ್ಣು ಮುಚ್ಚಿದೆ.

"ಖಡೆ ಖಡೆ!" ಎಂದು ಹಾಲಿನಲ್ಲಿದ್ದ ಅಷ್ಟೂ ಜನ ಕೂಗಿದರು. ಗುಗ್ಗಳವೆಂದರೇನೆಂದು ತಿಳಿಯದ ಹುಡುಗರು, ಕನ್ನಡ ಬಾರದವರೂ. ಕೂಗಿದ ಮೇಲೂ ಡ್ರಮ್ಸು ಬೀಳಲು ಇನ್ನೂ ಸ್ವಲ್ಪ ಹೊತ್ತಿತ್ತು. ಆ ಸ್ವಲ್ಪ ಹೊತ್ತು ಪೆಚ್ಚಾಗಿ ಖಾಲಿ ಉಳಿಯಿತು. ನಾನು ಎಡಕ್ಕೆ ತಿರುಗಿದೆ. ಅವರಿಗೆ ಹೇಳೋಣವೆಂದು. ಅಲ್ಲಿ ಬೇರೆ ಯಾರೋ ನಿಂತಿದ್ದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಫೋನು ಮಾಡಿದೆ. ಹಿಂದೆ ಪೈಪು ಉರುಳಿಸುವ ಸದ್ದು. ಇನ್ನೂ ಅಂಗಡಿಯಲ್ಲೇ ಇದ್ದರು.

"ಹ್ಯಾಂಗಾತು?"

"ಎಲ್ಲಾರೂ ಕೂಗಿದ್ರು. ನಿಮ್ಮಂಗ."

"ಹೌದಾ?"

"ಅವಸರ ಮಾಡಿದ್ರು. ಭಾಳ ಮುಂಚೆ ಬಂದುಬಿಟ್ರು."

ಅವರು ನಕ್ಕದ್ದು ಕೇಳಿಸಿತು. ಜೋರಾಗಿ ಅಲ್ಲ. ಮೂಗಿನಿಂದ, ಸಮಾಧಾನದಿಂದ, ಸ್ವಂತದ್ದೊಂದು ಬೇರೆಯವರ ಕೈಗೆ ಹೋಗಿ ಕೆಟ್ಟಿದ್ದನ್ನು ಕೇಳಿದವರು ನಗುವ ಹಾಗೆ. ಆ ನಗು ನನಗೆ ಚೆನ್ನಾಗಿ ಗೊತ್ತು.

"ನೀ ತಲಿ ಯಾವಾಗ ಇಳಿಸಿದಿ?" ಎಂದು ಕೇಳಿದರು.

"ಇಳಸಲಿಲ್ಲ" ಅಂದೆ. "ನೋಡೋರು ಯಾರಿದ್ರು?"